ಸದ್ದು ಕೊಡದ ಎಳೆ ನಕ್ಷತ್ರ

“ಇದೂ ಹಾಳು!”

ಭಾನುಪ್ರಿಯ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಕುಲುಕಿದಳು. ಒಳಗೆ ನೀರಿನ ಸದ್ದೇ ಇಲ್ಲ. ಹಾಳು ಗುಡ್ಡೆಗೆ ಎಸೆದಳು.

ಮಾಗಡಿಯ ಅವರ ಮನೆಯ ಹಿತ್ತಲಲ್ಲಿ ಕಾಯಿ ಆರಿಸುವುದು ಇಬ್ಬರ ಕೆಲಸವಾಗಿತ್ತು. ಅಕ್ಕ ಮಮತಾ ಕುಲುಕಬೇಕು, ಭಾನು ಕಣ್ಣು ಮುಚ್ಚಿಕೊಂಡು ಕೇಳಿ “ಗುಳುಗುಳು!” ಎಂದು ಕೂಗಬೇಕು. ಕಾಯಿಗಿಂತ ನಗುವೇ ಜಾಸ್ತಿ. ಅಕ್ಕ ಹತ್ತನೇ ಕ್ಲಾಸಿಗೆ ಬಂದಳು ನೋಡಿ, ಎಲ್ಲ ನಿಂತುಹೋಯಿತು. ಮುಖದ ತುಂಬ ಮೊಡವೆ, ಮೂಗಿನ ತುದಿಯಲ್ಲೇ ಕೋಪ, ರೂಮಿನ ಬಾಗಿಲು ಯಾವಾಗಲೂ ಬಂದ್.

“ಅಕ್ಕಾ, ಒಸಿ ಬಾಕ್ಕಾ. ಒಬ್ಳಿಗೇ ಬೇಜಾರಾಯ್ತದೆ.”

“ತಲೆ ತಿನ್ಬೇಡ, ಹೋಗೇ!”

ಅಕ್ಕನಿಗೆ ನಾನು ಬೇಡವಾದೆನಾ? ಭಾನು ಒಬ್ಬಳೇ ಹಿತ್ತಲಿಗೆ ಮರಳಿದಳು.

ಮರುದಿನ ಸ್ಕೂಲಿನಲ್ಲಿ ಖತೀಜಾ ಮಿಸ್ ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿದರು. ಗುಂಯ್ ಎಂದು ಸದ್ದು ಬಂತು.

“ಇದು ಸೂರ್ಯಂದು. ಒಳಗಿನ ಸದ್ದಿಗೆ ಸೂರ್ಯನ ಮೈ ನಡುಗ್ತಾನೇ ಇರುತ್ತೆ. ಆ ನಡುಕ ಅಳೆದು, ಸ್ಪೀಡ್ ಜಾಸ್ತಿ ಮಾಡಿ, ನಮ್ಮ ಕಿವಿಗೆ ಕೇಳೋ ಹಾಗೆ ಮಾಡಿದಾರೆ.”

“ಬೇರೆ ನಕ್ಷತ್ರದ್ದೂ ಹಾಕಿ ಮಿಸ್!” ಎಂದ ಮನು.

“ಸೂರ್ಯನ ಥರದ್ದೇ, ಆದ್ರೆ ಇನ್ನೂ ಎಳೇದು ಅಂದ್ರೆ ಕಷ್ಟ. ಬುಗುರಿ ಥರ ಜೋರಾಗಿ ಸುತ್ತುತ್ತೆ, ಮೈಮೇಲೆಲ್ಲ ಕಪ್ಪು ಕಲೆ, ಆಗಾಗ ಬೆಂಕಿ ಉಗುಳುತ್ತೆ. ಅದರ ಅಯಸ್ಕಾಂತದ ಬಲ ಅಷ್ಟು ಜೋರಾಗಿರುತ್ತೆ. ಅದೇ ಬಲ ಈ ಸದ್ದನ್ನ ಅದುಮಿಬಿಡುತ್ತೆ.”

ಭಾನು ಎದ್ದು ನಿಂತಳು. “ಹಂಗಾದ್ರೆ ಒಳಗೆ ಸದ್ದೇ ಇರಲ್ವಾ ಮಿಸ್?”

“ಇರುತ್ತಮ್ಮ. ನಮಗೆ ಕೇಳಿಸೋದು ಕಮ್ಮಿ. ವಯಸ್ಸಾಗ್ತಾ ಈ ಆರ್ಭಟ ತಗ್ಗುತ್ತೆ, ಆಗ ಸದ್ದು ಕೇಳುತ್ತೆ.”

ಭಾನು ಕೂತಳು. ಕಲೆ, ಬೆಂಕಿ ಎಂದಾಗಲೇ ಅಕ್ಕನ ಮುಖ ಕಣ್ಣ ಮುಂದೆ ಬಂದಿತ್ತು. ಆಮೇಲೆ ಮಿಸ್ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಸಂಜೆ ಮನೆಗೆ ಬಂದರೆ ಅಜ್ಜಿ ಚಿಕ್ಕಲಕ್ಷ್ಮಮ್ಮ ಹಾಳು ಗುಡ್ಡೆಯನ್ನು ಕೆದಕುತ್ತಿದ್ದರು.

“ಇವ್ನ ಯಾಕವ್ವಾ ಎಸ್ದೆ?”

“ಸದ್ದೇ ಮಾಡಲ್ಲ ಅಜ್ಜಿ.”

“ಅಯ್ಯೋ ಪೆದ್ದಿ, ಎಳೇವು ಕಣವ್ವ! ಕಂಠಮಟ ನೀರು ತುಂಬ್ಕೊಂಡದೆ. ಅಳ್ಳಾಡಕ್ಕೆ ಜಾಗ ಎಲ್ಲೈತೆ?”

ಅಜ್ಜಿ ಒಂದನ್ನು ಕೆತ್ತಿ ಕೊಟ್ಟರು. ಭಾನು ನೀರನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, ಅಕ್ಕನ ರೂಮಿನ ಮುಂದೆ ಒಂದನ್ನು ಇಟ್ಟಳು. ಬಾಗಿಲು ತಟ್ಟಲಿಲ್ಲ.

“ಅಕ್ಕಾ, ಎಳ್ನೀರು ಮಡಗಿವ್ನಿ,” ಎಂದಷ್ಟೇ ಹೇಳಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಳು.

ತುಂಬ ಹೊತ್ತಾಯಿತು. ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಬಂದು ಲೋಟ ತೆಗೆದುಕೊಂಡಿತು. ಬಾಗಿಲು ಮತ್ತೆ ಮುಚ್ಚಿತು, ಈ ಸಲ ಮೆಲ್ಲಗೆ.

ಭಾನು ಬಾಗಿಲಿಗೆ ಕಿವಿ ಕೊಟ್ಟಳು. ಒಳಗೆ ಅಕ್ಕ ಗುಟುಕು ಗುಟುಕಾಗಿ ಕುಡಿಯುವುದು ಕೇಳಿಸಿತು. ತನ್ನ ಲೋಟವನ್ನು ಮುಟ್ಟದೆ ಅವಳು ಅದನ್ನೇ ಕೇಳುತ್ತ ಕೂತಳು.