ಕೆಂಪು ಕಾರಿಗೆ ಎರಡೇ ಸೀಟು

"ಕೈ ತೆಗೀರಿ!"

ಧಾರಿಣಿ ಕೂಗಿದ್ದು ಹಿಂದಿಯಲ್ಲಿ. ಕೂಗಿ ಸುಮ್ಮನಾಗಲಿಲ್ಲ. ಆ ಅಪರಿಚಿತನ ಮಣಿಕಟ್ಟು ಹಿಡಿದು ಎಳೆದೇಬಿಟ್ಟಳು.

ಮರುಕ್ಷಣ ಕೆಂಪು ಕಾರಿನ ಲೋಹದ ಛಾವಣಿ ಎರಡಾಗಿ ಮಡಿಚಿಕೊಂಡು, ಅವನ ಬೆರಳುಗಳಿದ್ದ ಸಂದನ್ನು ನುಂಗಿ, ಡಿಕ್ಕಿಯೊಳಗೆ ಹೋಗಿ ಮಲಗಿತು.

ಇಬ್ಬರೂ ಆ ಸಂದನ್ನೇ ನೋಡಿದರು. ಅವಳು ಇನ್ನೂ ಅವನ ಕೈ ಬಿಟ್ಟಿರಲಿಲ್ಲ... ಅವನೂ ಬಿಡಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಫೋನು. ಚಿತ್ರದುರ್ಗದಿಂದ ತಾಯಿ ಗಿರಿಜಮ್ಮ.

"ಅಮ್ಮಾ, ಆಮೇಲೆ ಮಾಡ್ತೀನಿ. ಇಲ್ಲೊಬ್ಬ ಬೃಹಸ್ಪತಿ ಬೆರಳು ಕತ್ತರಿಸ್ಕೊಳ್ಳೋಕೆ ಅಂತಾನೇ ಭಾನುವಾರ ಬಿಡುವು ಮಾಡ್ಕೊಂಡು ಬಂದಿದಾನೆ... ನೋಡೋಕಾ? ನೋಡೋಕೆ ಚೆನ್ನಾಗೇ ಇದಾನೆ. ಬುದ್ಧಿ ಕೊಡೋದೊಂದು ದೇವರಿಗೆ ಮರೆತುಹೋಗಿದೆ."

ಬೃಹಸ್ಪತಿ ಮುಗುಳ್ನಕ್ಕ.

ಪಾಪ, ಹಿಂದಿಯವನು, ಏನೂ ತಿಳಿಯದೆ ನಗುತ್ತಿದ್ದಾನೆ ಎಂದುಕೊಂಡಳು ಧಾರಿಣಿ.

ಓದುಗರಿಗೆ ಒಂದು ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ಧಾರಿಣಿಗೆ ಅದನ್ನು ಐದು ವಾರ ಯಾರೂ ಹೇಳಲಿಲ್ಲ. ಅವನ ಹೆಸರು ಚರಣ್. ಅವನ ತಂದೆ ಕೇಶವಮೂರ್ತಿ ಮಂಡ್ಯದವರು, ಮೂವತ್ತೆಂಟು ವರ್ಷ ಕೇಂದ್ರ ಸರ್ಕಾರದ ಕಡತ ನೋಡಿದವರು. ಚರಣ್ ಹುಟ್ಟಿ ಬೆಳೆದದ್ದು ದಿಲ್ಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ಕನ್ನಡ ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಹೊರಗಿನವರ ಮುಂದೆ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

'ನನಗೆ ಕನ್ನಡ ಗೊತ್ತು' ಎನ್ನಲು ಅವನು ಬಾಯಿ ತೆರೆದದ್ದು ನಿಜ. ಆದರೆ ಬೃಹಸ್ಪತಿ ಅನಿಸಿಕೊಂಡವನು ತಕ್ಷಣ ಏನು ಹೇಳಿಯಾನು? ಮುಂದಿನ ಭಾನುವಾರ ಹೇಳಿದರಾಯಿತು ಅಂದುಕೊಂಡ.

ಮುಂದಿನ ಭಾನುವಾರಗಳು ಎಲ್ಲರಿಗೂ ಬರುತ್ತವೆ. ಅದೇ ತೊಂದರೆ.

* * *

ಧಾರಿಣಿಯ ಕೆಲಸ ಹಳೆಯ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸುವುದು. ಇಂದಿರಾಪುರಂನ ಮನೆಯಿಂದ ಗುರುಗ್ರಾಮದ ಹಳೆ ಕಾರು ಮಾರುವ ಯಾರ್ಡಿಗೆ ಬಂದು, ಕಾರಿನ ಕೆಳಗೆ ಮಲಗಿ, ಒಂದೊಂದೇ ದೋಷ ಬರೆದುಕೊಡುತ್ತಿದ್ದಳು. 'ಇದನ್ನು ಕೊಳ್ಳಿ' ಎನ್ನುವ ಹಾಗಿಲ್ಲ, ಅದು ಕಂಪನಿಯ ನಿಯಮ. ಗಿರಾಕಿಯ ಜೊತೆ ಸಲಿಗೆಯೂ ಕೂಡದು.

ಚರಣನಿಗೆ ಎರಡು ಕಾರು ಹಿಡಿಸಿದ್ದವು. ಎರಡಕ್ಕೂ ಬಟ್ಟೆಯ ಬದಲು ಲೋಹದ ಛಾವಣಿ, ಗುಂಡಿ ಒತ್ತಿದರೆ ಮಡಿಚಿಕೊಳ್ಳುವಂಥದ್ದು. ಕೆಂಪು ಕಾರಿಗೆ ಎರಡೇ ಸೀಟು. ನೀಲಿಗೆ ದಾಖಲೆಯ ಪ್ರಕಾರ ನಾಲ್ಕು. ಆದರೆ ಆ ದಾಖಲೆ ಬರೆದವರು ಮನುಷ್ಯರಿಗೆ ಕಾಲಿರುವುದನ್ನು ಗಮನಿಸಿದಂತಿರಲಿಲ್ಲ.

"ಛಾವಣಿ ತೆರೆದಾಗ ಸೂಟ್‌ಕೇಸ್ ಎಲ್ಲಿಡೋದು?" ಎರಡನೇ ಭಾನುವಾರ ಹಿಂದಿಯಲ್ಲೇ ಕೇಳಿದ.

"ಎಲ್ಲೂ ಇಲ್ಲ. ಡಿಕ್ಕಿ ತುಂಬ ಛಾವಣಿಯೇ ಇರುತ್ತೆ. ಆಕಾಶ ಬೇಕು ಅಂದ್ರೆ ಸಾಮಾನು ಬಿಟ್ಟು ಬನ್ನಿ."

"ನೀವಾಗಿದ್ರೆ ಯಾವುದು ತಗೋತಿದ್ರಿ?"

"ಹೇಳೋ ಹಾಗಿಲ್ಲ, ಸರ್."

ಮೂರನೇ ಭಾನುವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಕೆಂಪನ್ನು ಓಡಿಸಿದ. ನೀಲಿಯನ್ನು ಓಡಿಸಿದ. ಮತ್ತೆ ಕೆಂಪು. ಯಾರ್ಡಿನ ಮಾಲೀಕ ಚಹಾ ಕೊಡುವುದನ್ನು ನಿಲ್ಲಿಸಿದ.

ದಿಲ್ಲಿಯಲ್ಲಿ ಛಾವಣಿ ತೆರೆದು ಓಡಾಡಲು ಇರುವ ಕಾಲವಾದರೂ ಎಷ್ಟು? ದೀಪಾವಳಿಯಿಂದ ಜನವರಿಯವರೆಗೆ ಹೊಗೆ. ಏಪ್ರಿಲ್‌ನಿಂದ ಬೆಂಕಿ. ಆಮೇಲೆ ಮಳೆ. ಉಳಿಯುವುದು ಫೆಬ್ರವರಿ ಮತ್ತು ಮಾರ್ಚಿನ ಮುಕ್ಕಾಲು. ಆ ಮಹಾಶಯ ಅದನ್ನೂ ಆರಿಸುವುದರಲ್ಲೇ ಕಳೆಯುತ್ತಿದ್ದ!

ಧಾರಿಣಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. 'ಒಂದನ್ನ ತಗೊಂಡು ಹೋಗಬಾರದಾ?' ಎಂದು ಹಲ್ಲು ಕಚ್ಚುತ್ತಿದ್ದಳು. ಶನಿವಾರ ಸಂಜೆಯಾದರೆ ಮಾತ್ರ... 'ನಾಳೆ ಬಂದೇ ಬರ್ತಾನೆ ತಾನೇ?'

ಛೇ!

ಇದರ ನಡುವೆ ಗಿರಿಜಮ್ಮನ ಫೋನು. ತುಮಕೂರಿನ ಲೆಕ್ಚರರ್ ಶ್ರೀವತ್ಸ, ಒಳ್ಳೆಯ ಮನೆತನ, ಒಬ್ಬನೇ ಮಗ. ಹೂಂ ಅಂದರೆ ಮುಂದಿನ ತಿಂಗಳೇ ನಿಶ್ಚಿತಾರ್ಥ.

"ಏನೇ ಕೊರತೆ ಆ ಹುಡುಗನಿಗೆ?"

"ಏನೂ ಇಲ್ಲಮ್ಮ. ಅದೇ ನೋಡು, ದೋಷ ಅಂತ ಬರೆಯೋಕೆ ಏನೂ ಸಿಗ್ತಿಲ್ಲ... ಬಿ.ಪಿ. ಮಾತ್ರೆ ತಗೊಂಡ್ಯಾ? ಸುಳ್ಳು ಹೇಳ್ಬೇಡ. ಉಪ್ಪಿನಕಾಯಿ ತಿಂದಿದೀಯ, ದನೀಲೇ ಗೊತ್ತಾಗುತ್ತೆ."

ಈ ಮಾತೆಲ್ಲ ನಡೆಯುತ್ತಿದ್ದದ್ದು ಚರಣನ ಪಕ್ಕದಲ್ಲೇ. ದಿಲ್ಲಿಗೆ ಬಂದ ಕನ್ನಡಿಗರು ಮೆಟ್ರೋದಲ್ಲಿ, ಲಿಫ್ಟಿನಲ್ಲಿ, ಡಾಕ್ಟರ ಮುಂದೆ ಧೈರ್ಯವಾಗಿ ಮನೆಯ ಗುಟ್ಟು ಮಾತಾಡುತ್ತಾರೆ. ಸುತ್ತಲಿನವರಿಗೆಲ್ಲ ಕಿವುಡು ಎಂಬುದು ಅವರ ನಂಬಿಕೆ.

ನಾಲ್ಕನೇ ಭಾನುವಾರ ಆ ನಂಬಿಕೆಯಲ್ಲೇ ಅವಳು ಮಾಡಬಾರದ್ದನ್ನು ಮಾಡಿದಳು.

"ಅಮ್ಮಾ... ಬೈಬೇಡ. ನನಗೆ ಒಬ್ಬ ಇಷ್ಟ ಆಗಿದಾನೆ ಅನ್ಸುತ್ತೆ. ಇಲ್ಲ, ಅವನಿಗೆ ಗೊತ್ತಿಲ್ಲ. ಇಲ್ಲೇ ಇದಾನೆ, ಟೈರು ಒದೀತಾ ನಿಂತಿದಾನೆ. ಗಿರಾಕಿ ಕಣಮ್ಮ, ಹೇಳೋ ಹಾಗಿಲ್ಲ... ಇವನು ಕಾರು ತಗೊಂಡ್ಬಿಟ್ರೆ ಆಮೇಲೆ ಬರೋದೇ ಇಲ್ಲ, ಅದೇ ಸಂಕಟ."

ಟೈರು ಒದೆಯಲು ಎತ್ತಿದ ಕಾಲು ಗಾಳಿಯಲ್ಲೇ ನಿಂತದ್ದನ್ನು ಅವಳು ನೋಡಲಿಲ್ಲ.

ಗಿರಿಜಮ್ಮ ಅತ್ತರು, ಗದರಿದರು, ಕೊನೆಗೆ ಗಡುವು ಕೊಟ್ಟರು. ಮುಂದಿನ ಭಾನುವಾರ ಮಧ್ಯಾಹ್ನದೊಳಗೆ ಶ್ರೀವತ್ಸನ ಮನೆಯವರಿಗೆ ಹೌದು ಅಥವಾ ಇಲ್ಲ.

* * *

ಐದನೇ ಭಾನುವಾರ ಚರಣ್ ತಂದೆಯನ್ನು ಕರೆತಂದ. ಹೆಸರಿಗೆ ಕಾರು ನೋಡಲು.

"ಅಲ್ಲಿ ಕನ್ನಡ ಮಾತಾಡ್ಬೇಡಿ ಅಪ್ಪಾ, ಪ್ಲೀಸ್. ಇವತ್ತು ನಾನೇ ಹೇಳ್ತೀನಿ ಅವರಿಗೆ" ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಕೇಶವಮೂರ್ತಿ ಮಾತು ಕೊಟ್ಟಿದ್ದರು. ಇಳಿದವರೇ ಧಾರಿಣಿಗೆ ಕೈಮುಗಿದು "ಬಹುತ್ ಅಚ್ಛಾ, ಬೇಟೀ, ಬಹುತ್ ಅಚ್ಛಾ" ಎಂದರು. ಕಾರನ್ನು ಇನ್ನೂ ನೋಡಿರಲಿಲ್ಲ.

ನೀಲಿ ಕಾರಿನ ಛಾವಣಿ ತೆರೆದಿತ್ತು. ಅವರು ಹಿಂದಿನ ಸೀಟಿನಲ್ಲಿ ಕೂತರು. ಕೂತ ಕೂಡಲೇ ಮುಂದಿನ ಸೀಟು, ಅದನ್ನು ಮಾಡಿದ ಎಂಜಿನಿಯರನ ಇಚ್ಛೆಯಂತೆ, ತಾನೇ ತಾನಾಗಿ ಹಿಂದಕ್ಕೆ ಸರಿಯಿತು.

"ಅಯ್ಯಯ್ಯಪ್ಪೋ! ಮಂಡಿ! ಚರಣಾ, ಮಂಡಿ ಹೋಯ್ತಲ್ಲೋ, ನಿಲ್ಸೋ ಇದನ್ನ!"

"ಎಲ್ಲಿ ಒತ್ಲಿ ಅಪ್ಪಾ? ಯಾವ ಬಟನ್?"

ಗಾಬರಿಯಲ್ಲಿ ಚರಣ್ ಕಂಡದ್ದೆಲ್ಲ ಒತ್ತಿದ. ಧಾರಿಣಿ ಕೈ ಚಾಚಿ ಸೀಟನ್ನು ಮುಂದಕ್ಕೆ ತಂದಳು. ಮಂಡಿ ಉಳಿಯಿತು. ಆದರೆ ಛಾವಣಿ ಮೇಲೆದ್ದು, ಅರ್ಧಕ್ಕೆ ಬಂದು, ಕೇಶವಮೂರ್ತಿಯವರ ತಲೆಯ ಮೇಲೆ 'ಕಟ್' ಎಂದು ನಿಂತುಬಿಟ್ಟಿತು.



ಧಾರಿಣಿ ನಿಧಾನವಾಗಿ ತಿರುಗಿದಳು. ಅವಳ ಮುಖದಲ್ಲಿ ಐದು ಭಾನುವಾರಗಳು ಒಂದರ ಹಿಂದೊಂದು ಹಾದುಹೋದವು. ಬೃಹಸ್ಪತಿ... ಉಪ್ಪಿನಕಾಯಿ... ಶ್ರೀವತ್ಸ... ಟೈರು...

ಟೈರು!

"ನಿಮಗೆ ಕನ್ನಡ ಬರುತ್ತೆ." ಅದು ಪ್ರಶ್ನೆಯಾಗಿರಲಿಲ್ಲ.

"ಧಾರಿಣೀ ಜೀ, ಆಪ್ ಸುನಿಯೇ ತೋ..."

"ಕನ್ನಡದಲ್ಲಿ ಹೇಳಿ! ಐದು ವಾರ ಕೇಳಿಸ್ಕೊಂಡಿರೋದು ಕನ್ನಡದಲ್ಲಿ ತಾನೇ? ನಮ್ಮಮ್ಮನ ಬಿ.ಪಿ.ಯಿಂದ ಹಿಡಿದು ನನ್ನ... ನನ್ನ ಮನಸ್ಸಿನವರೆಗೆ! ನಾಚಿಕೆ ಆಗ್ಲಿಲ್ವಾ?"

"ಆಯ್ತು" ಎಂದ ಚರಣ್. ತಲೆ ತಗ್ಗಿಸಿದ.

"ಕೇಳೋಕೆ ಮಜಾ ಇತ್ತಾ?"

"ಅಮ್ಮಾ" ಎಂದಿತು ಕಾರಿನೊಳಗಿನಿಂದ ಒಂದು ದನಿ, "ಬೈಯಿ, ಚೆನ್ನಾಗಿ ಬೈಯಿ. ನಾನು ಅಡ್ಡ ಬರಲ್ಲ. ಮೊದಲು ನನ್ನನ್ನ ಈಚೆ ತೆಗಿ, ತಾಯಿ."

* * *

ಅಂಥ ಛಾವಣಿ ಕೆಟ್ಟು ನಿಂತರೆ ಡಿಕ್ಕಿಯಲ್ಲಿರುವ ಪಂಪಿನ ತಿರುಪು ಸಡಿಲಿಸಿ ಕೈಯಲ್ಲೇ ಎತ್ತಿ ಮುಚ್ಚಬೇಕು. ಒಬ್ಬರಿಂದ ಆಗದು. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಒಂದೇ ವೇಗದಲ್ಲಿ.

ಯಾರ್ಡಿನ ಮಾಲೀಕ ತನಗೆ ಸೊಂಟನೋವೆಂದು ಘೋಷಿಸಿ ದೂರ ಹೋದ. ಉಳಿದದ್ದು ಚರಣ್.

ಜಗತ್ತಿನಲ್ಲಿ ಈಗ ಯಾರ ಮುಖ ನೋಡುವುದು ಬೇಡವಾಗಿತ್ತೋ ಅವನ ಎದುರೇ ನಿಲ್ಲಬೇಕು! ಧಾರಿಣಿಯ ಕಣ್ಣಲ್ಲಿ ಕೋಪಕ್ಕೆ ನೀರು ತುಂಬಿತು.

"ಮೂರು ಅಂದಾಗ ಎತ್ತಿ. ನೀವು ಮೊದಲು ಹೋದ್ರೆ ಫ್ರೇಮ್ ತಿರುಚಿಕೊಳ್ಳುತ್ತೆ. ಒಂದು... ಎರಡು... ಮೂರು."

ಛಾವಣಿ ಗೇಣಷ್ಟು ಎದ್ದಿತು. ನಿಂತರು.

"ಮೊದ್ಲೇ ಹೇಳ್ಬೇಕಿತ್ತು" ಎಂದ ಚರಣ್, ಕನ್ನಡದಲ್ಲಿ. ಒಂದೊಂದು ಪದವನ್ನೂ ಜೇಬಿನಿಂದ ಹುಡುಕಿ ತೆಗೆಯುವವನಂತೆ. "ನನ್ ಕನ್ನಡ... ಮತ್ಲಬ್... ಚೆನ್ನಾಗಿಲ್ಲ. ಚಿಕ್ಕವನಿದ್ದಾಗ ಮಂಡ್ಯದಲ್ಲಿ ಮದ್ವೆ. ಊಟದಲ್ಲಿ ಏನೋ ಕೇಳ್ದೆ. ಪೂರಾ ಪಂಕ್ತಿ ನಕ್ಕಿತು. ಬಡಿಸೋರೂ ನಕ್ರು. ಆಮೇಲೆ ಹೊರಗೆ ಯಾರ ಹತ್ರಾನೂ ಮಾತಾಡಿಲ್ಲ."

"ಅದು ಮೊದಲನೇ ಭಾನುವಾರಕ್ಕಾಯ್ತು. ಉಳಿದಿದ್ದಕ್ಕೆ? ಒಂದು, ಎರಡು, ಮೂರು."

ಮತ್ತೆ ಒಂದು ಗೇಣು.

"ಅಮ್ಮ ಹೋಗಿ ಆರು ವರ್ಷ." ಅವನ ದನಿ ಇಳಿಯಿತು. "ಆಮೇಲೆ ನಮ್ಮನೇಲಿ ಕನ್ನಡ ಅಂದ್ರೆ ಅಪ್ಪ ಬೈಯೋದು ಒಂದೇ."

"ಬೈಯೋ ಹಾಗೆ ನಡ್ಕೋತಾನಮ್ಮ" ಎಂದಿತು ಒಳಗಿನ ದನಿ. ಆದರೆ ಅದೂ ಸ್ವಲ್ಪ ಒದ್ದೆಯಾಗಿತ್ತು.

"ನೀವು ನಿಮ್ಮಮ್ಮನ ಹತ್ರ ಜಗಳ ಆಡ್ತಿದ್ರಿ. ಮಾತ್ರೆ, ಉಪ್ಪಿನಕಾಯಿ... ನಮ್ಮನೇಲೂ ಹಾಗೇ ಇತ್ತು. ನಿಲ್ಲಬಾರ್ದು ಅನ್ಸ್ತು. ನಂಗೆ ಅರ್ಥ ಆಗುತ್ತೆ ಅಂದ್ರೆ ನೀವು ನಿಲ್ಲಿಸ್ತಿದ್ರಿ. ತಪ್ಪು. ಕದ್ದ ಹಾಗೇನೇ. ಗೊತ್ತು."

ಧಾರಿಣಿ ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು. ಅಯ್ಯೋ, ಸರಿಯಾಗಿ ಕೋಪ ಮಾಡಿಕೊಳ್ಳಲೂ ಬಿಡುವುದಿಲ್ಲವಲ್ಲ ಈ ಮನುಷ್ಯ!

"ನಾಲ್ಕನೇ ಭಾನುವಾರದ್ದು... ಅದೂ ಕೇಳಿಸ್ತಾ?"

"ಕೇಳಿಸ್ತು."

"ಎಷ್ಟು?"

"ಪೂರಾ."

ಅವಳ ಕಡೆಯ ಛಾವಣಿ ನಡುಗಿತು.

"ಮಕ್ಕಳಾ" ಎಂದರು ಕೇಶವಮೂರ್ತಿ, "ನೀವು ಹಿಡ್ಕೊಂಡಿರೋದು ನನ್ನ ತಲೆ ಮೇಲೆ, ಅದೊಂದು ಜ್ಞಾಪಕ ಇರ್ಲಿ."

ಒಂದು, ಎರಡು, ಮೂರು. ಛಾವಣಿ ಮುಂದಕ್ಕೆ ಬಂದು ಕೂತಿತು. ಚರಣ್ ಬಾಗಿಲು ತೆರೆದ. ತಂದೆ ಇಳಿದು ಮಂಡಿ ಸವರಿಕೊಂಡು, ನೀಲಿ ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎರಡು ಸೀಟಿಂದೇ ತಗೊಳ್ಳೋ. ನನಗೆ ಮೆಟ್ರೋ ಇದೆ."

ಆಗಲೇ ಫೋನು ಬಡಿದುಕೊಂಡಿತು. ಅಮ್ಮ. ಗಂಟೆ ಹನ್ನೆರಡಾಗಲು ಹತ್ತು ನಿಮಿಷ.

ಗೇಟಿನ ಆಚೆ ಹೋಗಿ ಮಾತಾಡಬಹುದಿತ್ತು. ಧಾರಿಣಿ ಎರಡು ಹೆಜ್ಜೆ ಇಟ್ಟಳು ಕೂಡ. ಆಮೇಲೆ ನಿಂತು, ಚರಣನ ಕಡೆ ತಿರುಗಿ, ಅವನ ಮುಖ ನೋಡುತ್ತಲೇ ಮಾತಾಡಿದಳು.

"ಅಮ್ಮಾ, ಶ್ರೀವತ್ಸ ಅವರಿಗೆ ಆಗಲ್ಲ ಅಂತ ಹೇಳ್ಬಿಡು. ಒಳ್ಳೆಯವರು, ಸುಮ್ನೆ ಕಾಯಿಸೋದು ಬೇಡ... ಇಲ್ಲ, ಅವನು ಇನ್ನೂ ಏನೂ ಹೇಳಿಲ್ಲ. ಹೇಳದೇ ಹೋದ್ರೂ ನನ್ನ ಉತ್ತರ ಇದೇ... ಹೂಂ, ಕೋಪ ಇದೆ ಅವನ ಮೇಲೆ, ತುಂಬಾ... ಅಲ್ಲಮ್ಮ, ಹಿಂದಿಯವನಲ್ಲ. ಕನ್ನಡದವನೇ."

ಆ ಕಡೆ ಅಳು ಥಟ್ಟನೆ ನಿಂತು, ಯಾರ್ಡಿಗೆಲ್ಲ ಕೇಳುವಂಥ ದನಿ ಬಂತು. "ಯಾವೂರು?"

"ಮಂಡ್ಯ ಅನ್ನಮ್ಮಾ! ಮಂಡ್ಯ!" ಕೇಶವಮೂರ್ತಿ ಕೂಗಿದರು. ಕೂಗಿದ ಮೇಲೆ, ತಾವು ಅಲ್ಲಿರಬಾರದೆಂದು ಹೊಳೆದು, ಕುಂಟುತ್ತಾ ಚಹಾದ ಗಾಡಿಯ ಕಡೆ ನಡೆದರು.

* * *

ಫೋನು ಇಟ್ಟಳು. ಈಗ ಇಬ್ಬರೇ.

ಧಾರಿಣಿ ಟ್ಯಾಬಿನಲ್ಲಿ ಏನೋ ಒತ್ತಿದಳು.

"ನಿಮ್ಮ ಕೇಸು ಬೇರೆಯವರಿಗೆ ಬರೆದುಕೊಟ್ಟೆ. ಇನ್ಮೇಲೆ ನೀವು ನನ್ನ ಗಿರಾಕಿಯಲ್ಲ."

ಅವನ ಮುಖ ಬಾಡಿತು. "ಅಂದ್ರೆ... ಇನ್ನು ಬರೋದಿಲ್ವಾ ನೀವು?"

"ಅಂದ್ರೆ ಇನ್ಮೇಲೆ ನಿಯಮ ಇಲ್ಲ. ಐದು ವಾರದಿಂದ ಒಂದು ಪ್ರಶ್ನೆ ಕೇಳ್ತಿದ್ರಲ್ಲ, ಈಗ ಕೇಳಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬುದ್ಧಿಯ ವಿಷಯದಲ್ಲಿ ಅವಳು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

"ನೀವಾಗಿದ್ರೆ... ಯಾವುದು?"

"ಕೆಂಪು."

"ಅದ್ರಲ್ಲಿ ಹದಿನಾಲ್ಕು ದೋಷ ಅಂತ ನೀವೇ ಬರ್ದಿದೀರ!"

"ಬರೆಯೋದು ನನ್ನ ಕೆಲಸ. ಹದಿನಾಲ್ಕೂ ನನಗೆ ಬಾಯಿಪಾಠ. ಆದ್ರೂ ಅದೇ ಬೇಕು."

ಚರಣ್ ಒಂದು ಹೆಜ್ಜೆ ಮುಂದೆ ಬಂದ. ಕಿವಿ ಕೆಂಪು ಕಾರಿನ ಬಣ್ಣಕ್ಕೆ ತಿರುಗಿತ್ತು.

"ನಾನೂ ಒಂದು ಹೇಳ್ಬೇಕು. ಕನ್ನಡದಲ್ಲೇ. ನಗಲ್ಲ ತಾನೇ?"

"ನಗ್ತೀನಿ. ನಕ್ಕರೂ ನೀವು ನಿಲ್ಲಿಸಬಾರದು."

ಅವನು ಹೇಳಿದ. ತೀರಾ ತಪ್ಪುತಪ್ಪಾಗಿ, 'ನೀವು ನನಗೆ ತುಂಬಾ ಪ್ರೀತಿ ಆಗಿದೀರಿ, ದಿನಾ ಆಗ್ತಾ ಇರಿ' ಎಂದು.

ಧಾರಿಣಿ ನಕ್ಕಳು. ಕೆನ್ನೆಯ ಮೇಲಿನ ಗ್ರೀಸಿನ ಗುರುತಿನ ಮೇಲೆ ನೀರು ಇಳಿಯುವವರೆಗೆ ನಕ್ಕಳು. ಅವನೂ ನಕ್ಕ.

"ತಪ್ಪಾಯ್ತಾ?"

"ಪೂರಾ ತಪ್ಪು" ಎಂದಳು, ಅವನ ಕೈ ಹಿಡಿದುಕೊಳ್ಳುತ್ತಾ. "ಇನ್ನೊಂದ್ಸಲ ಹೇಳಿ."