ಕೇಳದೆ ಆಡಿದ ಕಥೆ

"ಮನೆ ಖಾಲಿ ಇದೆ. ಆದ್ರೆ ನಿಮಗಿಲ್ಲ!"

ಬಸ್ ನಿಲ್ದಾಣದ ಮುಂದೆ ದುಂಡಗೆ ನೆರೆದಿದ್ದ ಜನರ ನಡುವೆ ಒಬ್ಬ ಗಂಟಲು ಹರಿಯುವಂತೆ ಕೂಗಿದಾಗ, ಬಟ್ಟೆ ಚೀಲ ಹಿಡಿದು ಹೊರಟಿದ್ದ ಅವಳು ಗಕ್ಕನೆ ನಿಂತಳು.

ಬೀದಿ ನಾಟಕ. ಅವನದು ಮನೆ ಮಾಲೀಕನ ಪಾತ್ರ. ನಾಟಕವೆಂದು ಗೊತ್ತಿದ್ದರೂ ಅವಳ ಮೈ ಉರಿಯಿತು. ಈ ಮಾತನ್ನು ಅವಳು ಹನ್ನೊಂದು ಮನೆಗಳ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಯಾಕಿಲ್ಲ? ಬಾಡಿಗೆ ಕೊಡಲ್ವಾ ನಾವು? ನಿಮ್ಮ ಗೋಡೆ ಕಚ್ಕೊಂಡು ತಿಂತೀವಾ?"

ಬಾಯಿಂದ ಬಂದೇಬಿಟ್ಟಿತು! ಜನ ಘೊಳ್ಳೆಂದು ನಕ್ಕರು. ಅವನು ಮುಂದಿನ ಮಾತು ಮರೆತು ಕಣ್ಣು ಕಣ್ಣು ಬಿಟ್ಟ.

ನಾಟಕ ಮುಗಿದ ಮೇಲೆ ಅಂಟಿಸಿದ ಮೀಸೆ ಕೀಳುತ್ತಾ ಓಡಿಬಂದ. "ಮೇಡಂ, ನಾಲ್ಕು ವರ್ಷದಿಂದ ಓನರ್ ಆಗಿದೀನಿ. ಇವತ್ತೇ ಮೊದಲು ಸೋತಿದ್ದು."

ಸ್ವಂತಕ್ಕೆ ಒಂದು ಇಟ್ಟಿಗೆಯೂ ಇಲ್ಲದ ಅವನನ್ನು ತಂಡದವರೆಲ್ಲ ಕರೆಯುತ್ತಿದ್ದುದೇ 'ಓನರ್' ಎಂದು. ಅವಳು ಟೈಲರ್. ತಂಡದ ಬಟ್ಟೆ ಹೊಲಿಯಲು ಹೋದವಳು ಮೂರೇ ತಿಂಗಳಲ್ಲಿ ಮನಸ್ಸನ್ನೂ ಅಲ್ಲೇ ಬಿಟ್ಟು ಬಂದಳು. 'ನೀವು' ಹೋಗಿ 'ನೀನು' ಬಂತು. ಆದರೂ ಮನೆ ಇರುವ ಬೀದಿಯನ್ನು ಮಾತ್ರ ಅವಳು ಅವನಿಗೆ ತೋರಿಸಲಿಲ್ಲ. ಬಸ್ ನಿಲ್ದಾಣದಲ್ಲೇ ಬೀಳ್ಕೊಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಒಂದು ಸಂಜೆ, ಹೊಲಿಗೆ ಬಿಚ್ಚುತ್ತಾ ಕೂತಿದ್ದಾಗ, ಅದನ್ನೂ ಹೇಳಿಬಿಟ್ಟಳು.

"ನಮ್ಮಮ್ಮ ಆಸ್ಪತ್ರೆ ಶವಾಗಾರದಲ್ಲಿ ಹೆಣ ತೊಳೀತಾರೆ. ಓನರ್ ಆಂಟಿಗೆ ಬರೀ 'ಆಸ್ಪತ್ರೆ ಕೆಲಸ' ಅಂದಿದೀವಿ. ಅಮ್ಮ ದಿನಾ ಹಿತ್ತಲ ನಲ್ಲೀಲಿ ಸ್ನಾನ ಮಾಡಿ, ನೀಲಿ ಬಕೆಟ್‌ನಲ್ಲಿ ಸೀರೆ ನೆನೆಹಾಕಿ ಆಮೇಲೇ ಒಳಗೆ ಬರೋದು. ಆಂಟಿ ಅದನ್ನ ನೋಡಿ, ಶುಚಿ ಅಂದ್ರೆ ನಿಮ್ಮಮ್ಮಂದು ಅಂತಾರೆ..." ನಗಲು ಹೋದವಳಿಗೆ ಅಳು ಬಂತು. "ಯಾರಿಗೂ ಹೇಳ್ಬೇಡ. ಹೇಳಿದ್ರೆ ನಾವು ಬೀದಿಗೆ."

ಅವನು ಅವಳ ಕೈ ಹಿಡಿದುಕೊಂಡ. ಏನೂ ಹೇಳಲಿಲ್ಲ. ಆ ಮೌನವನ್ನೇ ಅವಳು ಮಾತು ಕೊಟ್ಟನೆಂದು ತಿಳಿದಳು. ಪಾಪದ ಹುಡುಗಿ!

ತಂಡದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರದೇ ನಿಜವಾದ ಕಥೆಯನ್ನು ಬೀದಿಗೆ ತರುವ ಮುಂಚೆ ಅವರನ್ನು ಎದುರಿಗೆ ಕೂರಿಸಿ ಇಡೀ ನಾಟಕ ಓದಿ ಹೇಳಬೇಕು. ಅವರು ಹೂಂ ಅಂದರಷ್ಟೇ ಆಟ. ಆ ನಿಯಮ ಮಾಡಿದವನು ಅವನೇ.

ಅದಾಗಿ ಎರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಅವಳ ಬೀದಿಯಲ್ಲೇ ಡೋಲು ಕೇಳಿಸಿತು.

"ಬಾರೇ, ಏನೋ ನಾಟಕವಂತೆ!" ಎಂದು ಓನರ್ ಆಂಟಿಯೇ ಅವಳ ಕೈ ಹಿಡಿದು ಎಳೆದುಕೊಂಡು ಹೋದರು.

ಅದೇ ಮೀಸೆ. ಅದೇ ಧ್ವನಿ. ಎದುರಿಗೆ ಬಾಡಿಗೆಗೆ ಬಂದವಳಾಗಿ ತಂಡದ ಇನ್ನೊಂದು ಹುಡುಗಿ.

"ನಿಮ್ಮಮ್ಮ ಹಿತ್ತಲ ನಲ್ಲೀಲಿ ಸ್ನಾನ ಮಾಡಿ ಆಮೇಲೆ ಒಳಗೆ ಬರೋದು ಯಾಕೆ? ಆ ನೀಲಿ ಬಕೆಟ್ ಯಾಕೆ? ಹೇಳು! ಹೆಣ ತೊಳೆದು ಬರ್ತಾಳೆ ಅಲ್ವಾ?"

ಅವಳು ಹಿಂದೆ ಸರಿಯಲು ನೋಡಿದಳು.

'ನನ್ನ ಮಾತು... ನಾನು ಅತ್ತುಕೊಂಡು ಹೇಳಿದ ಮಾತು... ನಡುಬೀದಿಯಲ್ಲಿ!'

ಜನ ಚಪ್ಪಾಳೆ ತಟ್ಟಿದರು. ಅವಳ ಮೊಣಕೈ ಹಿಡಿದಿದ್ದ ಆಂಟಿಯ ಬೆರಳುಗಳು ಮೆಲ್ಲಗೆ ಸಡಿಲವಾದವು. ಆಗ ಅವನು ಅವಳನ್ನು ನೋಡಿದ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

ಸಂಜೆ ಆಂಟಿ ಬಂದರು. "ನನಗೇನಿಲ್ಲಮ್ಮ, ನಮ್ಮನೆಯವರೇ ಒಪ್ತಿಲ್ಲ. ಹದಿನೈದು ದಿನ ಟೈಮ್ ತಗೊಳ್ಳಿ."

ಬಾಗಿಲು ಹಾಕಿದ ಮೇಲೆ ಅಮ್ಮ ಗೋಡೆಗೆ ಒರಗಿ ಕೂತರು. "ಸತ್ತವರು ಯಾರೂ ನನ್ನ ಕೈ ಬೇಡ ಅಂದಿಲ್ಲ ಕಣೇ. ಬದುಕಿರೋರಿಗೇ ಬೇಡ." ಮಗಳ ಕಡೆ ತಿರುಗಿ ಕೇಳಿದರು. "ಯಾರಿಗೆ ಹೇಳಿದ್ದೆ?"

ಅವಳು ಬಕೆಟ್‌ನಲ್ಲಿದ್ದ ಸೀರೆ ಹಿಂಡಲು ಎದ್ದು ಹೋದಳು. ಅಮ್ಮ ಮತ್ತೆ ಕೇಳಲಿಲ್ಲ. ಅಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಮರುದಿನ ಅವನು ಟೈಲರ್ ಅಂಗಡಿಗೆ ಬಂದ. ಅವಳು ಮಿಷಿನ್ ನಿಲ್ಲಿಸಲಿಲ್ಲ.

"ಅದು ನಿನ್ನ ಬೀದಿ ಅಂತ ಗೊತ್ತಿರ್ಲಿಲ್ಲ. ಮಾರ್ಕೆಟ್‌ನಲ್ಲಿ ಆಡ್ಬೇಕಿತ್ತು, ಅಲ್ಲಿ ರಸ್ತೆ ಅಗೆದಿದ್ರು, ಅದಕ್ಕೇ..."

"ಬೇರೆ ಬೀದಿ ಆಗಿದ್ರೆ ಪರವಾಗಿರ್ಲಿಲ್ವಾ?" ಅವಳು ತಲೆ ಎತ್ತಿದಳು. "ನನ್ನ ಯಾಕೆ ಕೇಳ್ಲಿಲ್ಲ ನೀವು?"

'ನೀವು'! ಅವನಿಗೆ ಕೆನ್ನೆಗೆ ಬಿದ್ದಂತಾಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಕೇಳಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಮಿಷಿನ್ ನಿಂತಿತು.

"ಹನ್ನೊಂದು ಓನರ್‌ಗಳು ನನ್ನ ಮುಖದ ಮೇಲೆ ಬಾಗಿಲು ಹಾಕಿದ್ರು. ಅವರ್ಯಾರೂ ನನ್ನ ಕೈ ಹಿಡ್ಕೊಂಡು ಕೂತಿರ್ಲಿಲ್ಲ. ನೀವು ಕೂತಿದ್ರಿ."

"ಕ್ಷಮಿಸು. ನಮ್ಮ ತಂಡದವರೆಲ್ಲ ನಿಮ್ಮ ಓನರ್ ಮನೆ ಮುಂದೆ ಇನ್ನೊಂದು ನಾಟಕ ಆಡಿ..."

"ನಾಟಕ ಬೇಡ. ಮನೆ ಬೇಕು!"

ಅದಾದ ಮೇಲೆ ದಿನಾ ಸಂಜೆ ಐದಕ್ಕೆ ಅವನು ಅಂಗಡಿಯ ಎದುರು ರಸ್ತೆಯಲ್ಲಿ ನಿಲ್ಲುತ್ತಿದ್ದ, ಕೈಯಲ್ಲಿ ಖಾಲಿ ಮನೆಗಳ ವಿಳಾಸ ಬರೆದ ಚೀಟಿ. ಅವಳು ಮಾತಾಡಿಸುತ್ತಿರಲಿಲ್ಲ. ಆದರೆ ದಿನಗಳು ಓಡುತ್ತಿದ್ದವಲ್ಲ! ಕೊನೆಗೆ ಆ ಚೀಟಿ ತೆಗೆದುಕೊಂಡು ಮನೆ ನೋಡಲು ಹೊರಟರು, ತಾಯಿ ಮಗಳು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ.

ಮೊದಲ ಮನೆಯಲ್ಲೇ ಅಮ್ಮ ತಾವಾಗಿಯೇ ಹೇಳಿದರು. "ನಾನು ಶವಾಗಾರದಲ್ಲಿ ಕೆಲಸ ಮಾಡೋದು. ಮುಚ್ಚಿಟ್ಟು ಸಾಕಾಗಿದೆ."

ಮನೆಯವರು ನಕ್ಕರು. ಕುಡಿಯಲು ನೀರು ಕೊಟ್ಟರು. "ಅಯ್ಯೋ, ನಿನ್ನೆ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ರಲ್ಲಮ್ಮ" ಅಂದರು. ಎರಡನೆಯ ಮನೆಯಲ್ಲೂ ನಗು, ನೀರು. ಮೂರನೆಯದರಲ್ಲೂ.

ಏಳನೆಯ ಮನೆಯಿಂದ ಹೊರಬಂದಾಗ ಅವನು ಫುಟ್‌ಪಾತ್ ಮೇಲೆ ಕುಸಿದು ಕೂತ.

"ನಾಲ್ಕು ವರ್ಷ ತಪ್ಪಾಗಿ ಆಡಿದೀನಿ," ಅಂದ. "ನಾನು ಕಿರುಚ್ತಿದ್ದೆ. ಇವರ್ಯಾರೂ ಕಿರುಚಲ್ಲ. ನಗ್ತಾರೆ... ಇದನ್ನ ನೀನು ಒಬ್ಬಳೇ ಹೇಗೆ ತಡ್ಕೊಂಡೆ?"

ಅವನ ಕಣ್ಣಲ್ಲಿ ನೀರಿತ್ತು. ನಟನ ಕಣ್ಣೀರನ್ನು ನಂಬಬಾರದೆಂದು ಅವಳ ಮನಸ್ಸು ಎಚ್ಚರಿಸಿತು. ಆದರೆ ನೋಡಲು ಅಲ್ಲಿ ಯಾವ ಜನರೂ ಇರಲಿಲ್ಲ, ಅವನು ಮುಖವನ್ನು ಗೋಡೆಯ ಕಡೆಗೇ ತಿರುಗಿಸಿಕೊಂಡಿದ್ದ. ಅವಳಿಗೆ ಕೋಪವೂ ಬಂತು, ಕರುಳೂ ಚುರ್ ಎಂದಿತು.

"ಏಳಿ. ಇನ್ನೂ ಒಂದು ವಿಳಾಸ ಇದೆ."

ಅದು ನಿವೃತ್ತ ಬಸ್ ಡ್ರೈವರ್ ತಾತನ ಮನೆ. ಅಮ್ಮ ಹೇಳಿದ್ದನ್ನು ಕೇಳಿ ತಾತ ನಗಲಿಲ್ಲ, ನೀರನ್ನೂ ಕೊಡಲಿಲ್ಲ. ಗಡ್ಡ ಕೆರೆದುಕೊಂಡರು.

"ನಾನು ಹೋದಾಗ ನನ್ನನ್ನೂ ಯಾರಾದ್ರೂ ತೊಳೀಬೇಕಲ್ಲಮ್ಮ. ಪರಿಚಯದವರಾದ್ರೆ ಒಳ್ಳೇದೇ ಆಯ್ತು!" ಆಮೇಲೆ ಗೇಟಿನ ಹೊರಗೆ ನಿಂತವನ ಕಡೆ ಹುಬ್ಬು ಹಾರಿಸಿದರು. "ಅದಿರಲಿ, ಆ ಹುಡುಗ ಯಾರು? ಹೀಗೇ ಬಂದು ಹೋಗ್ತಿರ್ತಾನಾ? ಅದನ್ನ ಮೊದಲು ಹೇಳಿ."

ಅಮ್ಮ ಮಗಳ ಮುಖ ನೋಡಿದರು. ಸರಿಯಾದ ಉತ್ತರ ಕೊಡದಿದ್ದರೆ ಈ ಮನೆಯೂ ಕೈತಪ್ಪುತ್ತದೆ. ಅವನು ಗಾಬರಿಯಿಂದ ಬಾಯಿ ತೆರೆದ. "ತಾತ, ನಾನು ಬರೀ..."

"ನಾನು ಮದುವೆ ಆಗೋ ಹುಡುಗ," ಅಂದಳು ಅವಳು.

ತಾತ ತಲೆಯಾಡಿಸಿ, ನಲ್ಲಿ ತೋರಿಸಲು ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಗೇಟಿನ ಬಳಿ ಇಬ್ಬರೇ ಉಳಿದರು.

"ನನ್ನ ಒಂದು ಮಾತೂ ಕೇಳ್ದೆ ಹೇಳಿಬಿಟ್ಟೆಯಲ್ಲ!"

"ಹೇಗಾಯ್ತು?"

"ಎದೆ ಧಸಕ್ ಅಂತು."

"ನನಗೂ ಅವತ್ತು ಹಾಗೇ ಆಯ್ತು."

ಅವನು ತಲೆ ತಗ್ಗಿಸಿದ. ಒಳಗೆ ನಲ್ಲಿ ಬಿಟ್ಟ ಸದ್ದು, ಅಮ್ಮ ಏನೋ ಕೇಳುತ್ತಿರುವ ಸದ್ದು.

"ಕೋಪ ಇನ್ನೂ ಹೋಗಿಲ್ಲ ನಂಗೆ," ಅಂದಳು. "ಯಾವಾಗ ಹೋಗುತ್ತೋ ಗೊತ್ತಿಲ್ಲ. ಆದ್ರೆ ನಾನು ನಿನ್ನ ಹಾಗಲ್ಲ. ತಡವಾದ್ರೂ ಕೇಳ್ತೀನಿ. ನೀನು ಬೇಡ ಅಂದ್ರೆ ಈಗಲೇ ಒಳಗೆ ಹೋಗಿ ತಾತನಿಗೆ ನಿಜ ಹೇಳ್ತೀನಿ... ನನ್ನ ಮದುವೆ ಆಗ್ತೀಯಾ?"

ನಾಲ್ಕು ವರ್ಷ ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡವನಿಗೆ ಈಗ ಸ್ವರವೇ ಹೊರಡಲಿಲ್ಲ.

"ಹೂಂ..." ಅಂದ.

"ಕೇಳಿಸ್ಲಿಲ್ಲ."

"ಹೂಂ ಅಂದೆ ಕಣೇ!"