ಮಂಕುಕೇತುವಿನ ನಾಡೂ ಪದುಮೆಯ ಬಿಲ್ಲೆಗಳೂ

ಬಹಳ ಹಿಂದೆ ಬೆಳ್ಳಾವರವೆಂಬ ರಾಜ್ಯದಲ್ಲಿ ಪದುಮೆ ಎಂಬ ಹುಡುಗಿಯಿದ್ದಳು. ಅರಸನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕುತ್ತ ಅವಳ ಅಣ್ಣ ಚೆನ್ನಿಗ ಮಾಂತ್ರಿಕ ಮಂಕುಕೇತುವಿನ ನಾಡಿಗೆ ಹೋದವನು ಬರಲೇ ಇಲ್ಲ. ಅಲ್ಲಿಂದ ಮರಳಿದವನು ಒಬ್ಬ ಬಳೆಗಾರ ಮಾತ್ರ. ಅಲ್ಲಿಯ ಒಂದು ತುತ್ತು ತಿಂದರೂ ಹೆಸರು, ಮನೆ ಎಲ್ಲ ಮರೆತುಹೋಗುತ್ತದೆ, ಜ್ವರ ಬಂದು ಉಪವಾಸವಿದ್ದುದರಿಂದ ತಾನು ಉಳಿದೆ ಎಂದು ಅವನು ಹೇಳಿದ.

ದಾರಿ ಬಲು ದೂರ. ಪದುಮೆ ರೊಟ್ಟಿ ಸುಟ್ಟುಕೊಂಡು ಹೊರಟಳು. ಅರ್ಧ ದಾರಿಯಲ್ಲೇ ಬೂಷ್ಟು ಹಿಡಿಯಿತು, ಹಿಂದಿರುಗಿದಳು. ತುಪ್ಪ ಹಾಕಿ ಮಾಡಿದಳು. ಅದು ಕಮಟು ವಾಸನೆ ಹೊಡೆಯಿತು. ಎಲ್ಲಿ ತಪ್ಪುತ್ತಿದೆಯೋ ಅವಳಿಗೆ ತಿಳಿಯಲಿಲ್ಲ. ಮೂರನೆಯ ಸಲ ಗೋಧಿಹಿಟ್ಟಿಗೆ ಉಪ್ಪು ಬೆರೆಸಿ, ಮುದ್ದೆ ಕೂಡುವಷ್ಟೇ ನೀರು ಹಾಕಿ ಗಟ್ಟಿಯಾಗಿ ನಾದಿದಳು. ಲಟ್ಟಿಸಿ, ಬಿಲ್ಲೆ ಕತ್ತರಿಸಿ, ಕಡ್ಡಿಯಿಂದ ಮೈತುಂಬ ತೂತು ಚುಚ್ಚಿದಳು. ಸಣ್ಣ ಉರಿಯಲ್ಲಿ ಬೇಯಿಸಿ, ಆರುತ್ತಿದ್ದ ಒಲೆಯ ಬಿಸಿಯಲ್ಲಿ ಮತ್ತೆ ಒಣಗಿಸಿದಳು. ಬಿಲ್ಲೆಗಳು ಹೆಂಚಿನ ಚೂರಿನಂತೆ ಸದ್ದು ಮಾಡಿದವು. ಇದು ತಿನ್ನುವ ವಸ್ತುವೇ ಎಂದು ಅವಳಿಗೇ ಅನುಮಾನ. ಆದರೂ ಕಟ್ಟಿಕೊಂಡು ನಡೆದಳು. ಈ ಸಲ ಬುತ್ತಿ ಕೆಡಲಿಲ್ಲ.

ಮಾಂತ್ರಿಕನ ನಾಡಿನ ತುಂಬ ಮಂಜು. ಒಂದು ಜಿಂಕೆ ಬಂದು, ನೀನು ಹಿಂದಕ್ಕೆ ನಡೆಯುತ್ತಿದ್ದೀಯ ಎಂದು ಹೇಳಿ ಗೆಣಸು ನೀಡಿತು. ಒಂದು ಗಿಳಿ ಬಂದು, ನಿನಗೆ ಅಣ್ಣನೇ ಇಲ್ಲ ಎಂದು ಹೇಳಿ ಹಣ್ಣು ನೀಡಿತು. ಆಮೇಲೆ ತೀರಿಹೋದ ಅವ್ವನೇ ಬಿಸಿ ಅನ್ನ ಹಿಡಿದು ಎದುರು ನಿಂತಿದ್ದಳು. ಯಾವುದು ನಿಜವೋ ಪದುಮೆಗೆ ಗೊತ್ತಾಗಲಿಲ್ಲ. ಅಳುತ್ತಲೇ ಬಿಲ್ಲೆ ಕಡಿದಳು, ಅಳುತ್ತಲೇ ಮುಂದೆ ನಡೆದಳು.

ಕೋಟೆಯಲ್ಲಿ ಚೆನ್ನಿಗ ಅಂಗಳ ಗುಡಿಸುತ್ತಿದ್ದ.

"ಅಣ್ಣಾ, ನಾನು ಪದುಮೆ."

"ನೀನು ಯಾರಮ್ಮ? ನಾನು ಯಾರ ಅಣ್ಣ?"

ಇಲ್ಲಿಯ ತುತ್ತು ಮರೆಸಿದರೆ ಊರಿನ ತುತ್ತು ನೆನಪಿಸೀತು ಎಂದುಕೊಂಡು ಅವಳು ಬಿಲ್ಲೆಯನ್ನು ಕಲ್ಲಿನಿಂದ ಒಡೆದು ಅವನ ಬಾಯಿಗಿಟ್ಟಳು. ಅವನು ಬಹಳ ಹೊತ್ತು ಅಗಿದ.

"ಉಪ್ಪು ಜಾಸ್ತಿ ಹಾಕಿದ್ದೀಯಲ್ಲೇ, ಪದ್ದೀ," ಎಂದ.

ಇಬ್ಬರೂ ಬಿಲ್ಲೆಗಳನ್ನು ಪುಡಿಮಾಡಿ ಕೋಟೆಯ ಆಳುಗಳಿಗೆಲ್ಲ ಹಂಚಿದರು. ತಿಂದವರು ಕಣ್ಣುಜ್ಜಿಕೊಂಡು, ತಾವಿಲ್ಲಿ ಏಕಿದ್ದೇವೆಂದು ಒಬ್ಬರನ್ನೊಬ್ಬರು ಕೇಳುತ್ತ ಹೆಬ್ಬಾಗಿಲು ದಾಟಿದರು. ಮಂಕುಕೇತು ಗದರುತ್ತ ಬಂದ. ಯಾರೂ ತಿರುಗಿ ನೋಡಲಿಲ್ಲ.

"ಇವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ?" ಎಂದು ಅವನು ಕೇಳಿದ.

"ಅವರವರ ಮನೆಗೆ," ಎಂದಳು ಪದುಮೆ.

"ಮನೆ ಎಂದರೆ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪದುಮೆಗೆ ಭಯವೂ ಆಯಿತು, ಮರುಕವೂ ಆಯಿತು. ಉಳಿದಿದ್ದ ಕೊನೆಯ ಚೂರನ್ನು ಅವನ ಅಂಗೈಗಿಟ್ಟಳು. ಅಗಿಯುತ್ತ ಅಗಿಯುತ್ತ ಮಾಂತ್ರಿಕ ನೆಲಕ್ಕೆ ಕುಸಿದು ಕೂತ.

"ನಾನು ಸೌದೆಗೆ ಬಂದಿದ್ದೆ," ಎಂದ. "ಹಸಿವಾಗಿ ಇಲ್ಲಿಯ ಹಣ್ಣು ತಿಂದೆ, ಎಲ್ಲ ಮರೆತು ಈ ಮಂಜಿನ ಮಾಂತ್ರಿಕನಾಗಿಬಿಟ್ಟೆ. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ."

ಮರೆತವರು ಯಾರೂ ಉಳಿಯದೆ ಮಂಜು ಕರಗಿತು. ಅಣ್ಣತಂಗಿ ಕೋಟೆಯ ಲಾಯದಲ್ಲಿ ಸಿಕ್ಕ ಅರಸನ ಕುದುರೆಯೇರಿ ಊರು ಸೇರಿದರು. ಮಾಂತ್ರಿಕನಾಗಿದ್ದ ಆ ಮುದುಕ ದಾರಿ ಕೇಳುತ್ತ ಕೇಳುತ್ತ ತನ್ನ ಗುಡಿಸಲು ಮುಟ್ಟಿದ. ತಲೆ ನೆರೆತ ಹೆಂಡತಿ ಬಾಗಿಲಲ್ಲೇ ಕೂತಿದ್ದಳು. ಅವನ ಮುಖ ನೋಡಿ, ಎದ್ದು ಹೋಗಿ ಊಟಕ್ಕೆ ಎಲೆ ಹಾಕಿದಳು. ಅಂದಿನಿಂದ ಮನೆಗೆ ಮರಳಿದವರೆಲ್ಲ ಹಸಿವಿಲ್ಲದೆ, ತಮ್ಮವರನ್ನು ಮರೆಯದೆ ಚೆನ್ನಾಗಿ ಬಾಳಿದರು.